ಕಾಲು ಕಿಲೋ ತೂಕದ ವಿಮಾನ
ಕ್ಯಾಮರಾ ಡ್ರೋನುಗಳನ್ನು ಕಾನೂನು ಹೇಗೆ ವಿಂಗಡಿಸಬೇಕು?

ಅಡಿಕೆ ತೋಟದ ಮೇಲೆ, ಬೈಲುಗದ್ದೆಯ ಮೇಲೆ, ಮದುವೆಯ ಚಪ್ಪರದ ಮೇಲೆ, ಜಾತ್ರೆಯ ರಥದ ಮೇಲೆ ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತ ಹಾರುವ ಸಣ್ಣ ಯಂತ್ರವನ್ನು ಈಗ ನಮ್ಮ ಗಡಿನಾಡಿನಲ್ಲಿ ಕಾಣದವರು ವಿರಳ. ನಾಲ್ಕು ತಿರುಗುವ ರೆಕ್ಕೆಗಳು, ಹೊಟ್ಟೆಯಡಿಯಲ್ಲಿ ಒಂದು ಕ್ಯಾಮರಾ. ನಡೆಸುವವನು ಮಾತ್ರ ನೆಲದ ಮೇಲೆಯೇ ನಿಂತಿರುತ್ತಾನೆ. ಜನರು ಇದನ್ನು ಡ್ರೋನ್ ಎನ್ನುತ್ತಾರೆ. ಮಕ್ಕಳಿಗೆ ಇದೊಂದು ಆಟಿಕೆ, ಫೋಟೋದವನಿಗೆ ಕಸುಬಿನ ಸಾಧನ, ಆಳು ಸಿಗದ ರೈತನಿಗೆ ಹೊಸ ಆಳು. ಆದರೆ ಕಾನೂನಿನ ಕಣ್ಣಿಗೆ ಇದು ಏನು?

ಇದು ಪೇಟೆಯ ವಕೀಲರಿಗೆ ಬಿಡಬೇಕಾದ ಪ್ರಶ್ನೆಯೆಂದು ತಿಳಿಯಬಾರದು. ಒಂದು ವಸ್ತುವನ್ನು ಯಾವ ತರಗತಿಗೆ ಸೇರಿಸುತ್ತೇವೆಯೋ ಅದರ ಮೇಲೆ ಅದಕ್ಕೆ ಯಾವ ನಿಯಮ, ಯಾವ ಪರವಾನಗಿ, ಯಾರ ಹೊಣೆ ಎಂಬುದೆಲ್ಲ ನಿಂತಿದೆ. ಎತ್ತಿನ ಗಾಡಿಗೂ ಲಾರಿಗೂ ಒಂದೇ ನಿಯಮ ಹೇರಿದರೆ ಎತ್ತಿನ ಗಾಡಿಯವನು ಮನೆಯಲ್ಲಿ ಕೂರಬೇಕಾಗುತ್ತದೆ. ಲಾರಿಗೆ ಎತ್ತಿನ ಗಾಡಿಯ ನಿಯಮ ಕೊಟ್ಟರೆ ದಾರಿಹೋಕರು ಉಳಿಯುವುದಿಲ್ಲ. ಡ್ರೋನಿನ ವಿಷಯದಲ್ಲಿ ಸರಕಾರಗಳು ಹಿಡಿದಿರುವ ಮುಖ್ಯ ಅಳತೆಗೋಲು ತೂಕ. ತೂಕ ಒಳ್ಳೆಯ ಅಳತೆಯೇ ಸರಿ, ಆದರೆ ಅದೊಂದೇ ಸಾಲದು ಎಂಬುದನ್ನು ರೈತನ ದೃಷ್ಟಿಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಗಾಳಿಪಟವೂ ವಿಮಾನವೇ?

ನಮ್ಮ ದೇಶದ ೧೯೩೪ರ ವಿಮಾನ ಕಾಯಿದೆಯಲ್ಲಿ ವಿಮಾನ ಎಂಬ ಮಾತಿಗೆ ಬಹಳ ವಿಶಾಲವಾದ ಅರ್ಥವಿತ್ತು. ಗಾಳಿಯ ಪ್ರತಿಕ್ರಿಯೆಯಿಂದ ಆಕಾಶದಲ್ಲಿ ಆಧಾರ ಪಡೆಯಬಲ್ಲ ಯಂತ್ರವೆಲ್ಲವೂ ವಿಮಾನವೇ. ಬಲೂನು, ಗ್ಲೈಡರ್‌ಗಳ ಜೊತೆಗೆ ಗಾಳಿಪಟವನ್ನೂ ಆ ಕಾಯಿದೆ ಹೆಸರಿಸಿತ್ತು. ಅಕ್ಷರಶಃ ಓದಿದರೆ ಗುಡ್ಡೆಯ ಮೇಲೆ ಪಟ ಬಿಡುವ ಹುಡುಗನೂ ವೈಮಾನಿಕನೇ! ಈ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವೆಂಬ ಹೊಸ ಕಾನೂನು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ.

ಮನುಷ್ಯನಿಲ್ಲದೆ ಹಾರುವ ವಿಮಾನದ ಯೋಚನೆಯೂ ಹೊಸತಲ್ಲ. ೧೯೪೪ರಲ್ಲಿ ಶಿಕಾಗೋ ನಗರದಲ್ಲಿ ಅನೇಕ ದೇಶಗಳು ಸೇರಿ ಮಾಡಿಕೊಂಡ ವಿಮಾನಯಾನ ಒಪ್ಪಂದದ ೮ನೆಯ ವಿಧಿಯು, ಚಾಲಕನಿಲ್ಲದ ವಿಮಾನವನ್ನು ಇನ್ನೊಂದು ದೇಶದ ಮೇಲೆ ಹಾರಿಸಬೇಕಾದರೆ ಆ ದೇಶದ ವಿಶೇಷ ಅನುಮತಿ ಬೇಕೆಂದು ಆಗಲೇ ಹೇಳಿತ್ತು. ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ದೊಡ್ಡ ಯಂತ್ರ. ಮಕ್ಕಳ ಶಾಲಾಚೀಲದಲ್ಲಿ ಹಿಡಿಯುವ ಯಂತ್ರವಲ್ಲ.

ಸಣ್ಣ ಕ್ಯಾಮರಾ ಯಂತ್ರ ವಿಮಾನವೇ ಅಲ್ಲವೇ ಎಂಬ ವಾದವು ಅಮೇರಿಕದಲ್ಲಿ ಒಂದು ಪ್ರಸಿದ್ಧ ಮೊಕದ್ದಮೆಯಾಯಿತು. ೨೦೧೧ರಲ್ಲಿ ರಫಾಯೆಲ್ ಪಿರ್ಕರ್ ಎಂಬವರು ವರ್ಜೀನಿಯಾ ವಿಶ್ವವಿದ್ಯಾಲಯದ ಆವರಣದ ಮೇಲೆ ಬೆಂಡಿನಂಥ ಹಗುರ ವಸ್ತುವಿನಿಂದ ಮಾಡಿದ ಯಂತ್ರವೊಂದನ್ನು ಹಾರಿಸಿ ಚಿತ್ರ ತೆಗೆದರು. ಅಜಾಗರೂಕತೆಯಿಂದ ಹಾರಿಸಿದರೆಂದು ಅಲ್ಲಿನ ವಿಮಾನಯಾನ ಇಲಾಖೆ ಅವರಿಗೆ ೧೦,೦೦೦ ಡಾಲರ್ ದಂಡ ವಿಧಿಸಿತು. ೨೦೧೪ರ ಮಾರ್ಚ್ ತಿಂಗಳಲ್ಲಿ ಕೆಳಗಿನ ನ್ಯಾಯಾಧೀಶರು, ಇದು ಮಾದರಿ ವಿಮಾನ, ಇದಕ್ಕೆ ಆ ನಿಯಮ ಅನ್ವಯಿಸದು, ಇಲಾಖೆಯ ವಾದವನ್ನು ಒಪ್ಪಿದರೆ ಕಾಗದದ ವಿಮಾನವೂ ವಿಮಾನವಾದೀತು ಎಂದು ದಂಡವನ್ನು ರದ್ದು ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಮೇಲಿನ ಮಂಡಳಿಯು ಆ ತೀರ್ಪನ್ನು ತಿರುಗಿಸಿ, ಗಾಳಿಯಲ್ಲಿ ಹಾರಲು ಬಳಸುವ ಸಾಧನ ಯಾವುದೇ ಇರಲಿ, ಅದು ವಿಮಾನವೇ ಎಂದಿತು. ಕೊನೆಗೆ ೨೦೧೫ರ ಜನವರಿಯಲ್ಲಿ ೧,೧೦೦ ಡಾಲರಿಗೆ ರಾಜಿಯಾಯಿತು.

ಇದರಿಂದ ಕಲಿಯಬೇಕಾದ ಪಾಠವಿಷ್ಟು. ಎಲ್ಲವೂ ವಿಮಾನವೆಂದು ಒಪ್ಪಿಕೊಂಡ ಕ್ಷಣವೇ ವಿಮಾನಗಳೊಳಗೆ ತರಗತಿಗಳನ್ನು ಮಾಡುವುದು ಅನಿವಾರ್ಯವಾಗುತ್ತದೆ. ಇಲ್ಲವಾದರೆ ಇನ್ನೂರು ಜನರನ್ನು ಹೊರುವ ಯಂತ್ರಕ್ಕೂ ತೋಟದ ಫೋಟೋ ತೆಗೆಯುವ ಯಂತ್ರಕ್ಕೂ ಒಂದೇ ಕಡತ!

ನಮ್ಮ ದೇಶದ ಐದು ತರಗತಿಗಳು

ಭಾರತದಲ್ಲಿ ಮೊದಲು ಬಂದದ್ದು ನಿಷೇಧ. ೨೦೧೪ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ನಿಯಮ ಸಿದ್ಧವಾಗುವ ತನಕ ಸಾರ್ವಜನಿಕರು ಇಂಥ ಯಂತ್ರಗಳನ್ನು ಹಾರಿಸಬಾರದೆಂದು ಪ್ರಕಟಿಸಿತು. ೨೦೧೮ರ ಡಿಸೆಂಬರ್ ೧ರಿಂದ ಮೊದಲ ನಿಬಂಧನೆಗಳು ಜಾರಿಗೆ ಬಂದವು. ೨೦೨೧ರ ಮಾರ್ಚಿನಲ್ಲಿ ಮತ್ತೊಂದು ನಿಯಮಾವಳಿ ಬಂತು. ಕಾಗದಪತ್ರಗಳ ಹೊರೆ ಹೆಚ್ಚಾಯಿತೆಂದು ಅದನ್ನು ತೆಗೆದುಹಾಕಿ, ಅದೇ ವರ್ಷದ ಆಗಸ್ಟಿನಲ್ಲಿ ಡ್ರೋನ್ ನಿಯಮಗಳು, ೨೦೨೧ ಎಂಬುದನ್ನು ಹೊರಡಿಸಿದರು. ಅದರ ಪ್ರಕಾರ ತರಗತಿಗಳು ಹೀಗಿವೆ:

ನ್ಯಾನೋ: ೨೫೦ ಗ್ರಾಂ ಅಥವಾ ಅದಕ್ಕಿಂತ ಕಡಿಮೆ.
ಮೈಕ್ರೋ: ೨೫೦ ಗ್ರಾಂ ಮೀರಿ ೨ ಕಿಲೋದ ತನಕ.
ಸ್ಮಾಲ್, ಅಂದರೆ ಸಣ್ಣದು: ೨ ಕಿಲೋ ಮೀರಿ ೨೫ ಕಿಲೋದ ತನಕ.
ಮೀಡಿಯಂ, ಅಂದರೆ ಮಧ್ಯಮ: ೨೫ ಕಿಲೋ ಮೀರಿ ೧೫೦ ಕಿಲೋದ ತನಕ.
ಲಾರ್ಜ್, ಅಂದರೆ ದೊಡ್ಡದು: ೧೫೦ ಕಿಲೋ ಮೀರಿದ್ದು.

೫೦೦ ಕಿಲೋ ದಾಟಿದ ಯಂತ್ರಕ್ಕೆ ಈ ನಿಯಮವಲ್ಲ, ಸಾಮಾನ್ಯ ವಿಮಾನಗಳ ನಿಯಮವೇ. ಇಲ್ಲಿ ತೂಕವೆಂದರೆ ಬರಿಯ ಯಂತ್ರದ ತೂಕವಲ್ಲ. ಬ್ಯಾಟರಿ, ಕ್ಯಾಮರಾ, ಹೊತ್ತ ಸಾಮಾನು ಎಲ್ಲ ಸೇರಿದ ಪೂರ್ಣ ತೂಕವೆಂಬುದನ್ನು ನೆನಪಿಡಬೇಕು. ಖಾಲಿಯಾಗಿ ೧೬ ಕಿಲೋ ತೂಗುವ ಸಿಂಪರಣೆಯ ಡ್ರೋನಿಗೆ ೧೦ ಲೀಟರ್ ನೀರು ತುಂಬಿಸಿದರೆ ೨೬ ಕಿಲೋ ಆಗಿ ಅದು ಮೇಲಿನ ತರಗತಿಗೆ ಹೋಗುತ್ತದೆ. ನಮ್ಮಲ್ಲಿ ಮಾರುವ ೧೦ ಲೀಟರಿನ ಕೃಷಿ ಡ್ರೋನುಗಳನ್ನು ತುಂಬಿದಾಗಲೂ ೨೫ ಕಿಲೋದೊಳಗೆ ನಿಲ್ಲುವಂತೆ ಸಾಮಾನ್ಯವಾಗಿ ಕಟ್ಟಿರುವುದಕ್ಕೆ ಕಾರಣವೂ ಇದೇ.

ತರಗತಿಗೆ ತಕ್ಕಂತೆ ಹೊಣೆಯೂ ಬದಲಾಗುತ್ತದೆ. ನ್ಯಾನೋ ಯಂತ್ರ ಹಾರಿಸಲು ಚಾಲಕನ ಪ್ರಮಾಣಪತ್ರ ಬೇಡ. ಮೂರನೆಯವರ ನಷ್ಟಕ್ಕೆ ವಿಮೆಯೂ ಕಡ್ಡಾಯವಲ್ಲ. ಮೈಕ್ರೋ ಯಂತ್ರಕ್ಕೆ, ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಹಾರಿಸುವುದಾದರೆ, ಪ್ರಮಾಣಪತ್ರ ಬೇಡ. ಅದಕ್ಕೂ ಮೇಲಿನದಕ್ಕೆಲ್ಲ ಬೇಕು. ಪ್ರಮಾಣಪತ್ರ ಪಡೆಯುವವನು ೧೮ರಿಂದ ೬೫ ವರ್ಷದೊಳಗಿನವನಾಗಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಹೊಂದಿರಬೇಕು. ಮೊದಲು ಇದಕ್ಕೆ ಪಾಸ್‌ಪೋರ್ಟ್ ಕೇಳುತ್ತಿದ್ದರು. ೨೦೨೩ರ ಸೆಪ್ಟೆಂಬರಿನ ತಿದ್ದುಪಡಿಯ ಮೇಲೆ ಮತದಾರರ ಚೀಟಿ, ರೇಶನ್ ಕಾರ್ಡು ಅಥವಾ ವಾಹನ ಚಾಲನಾ ಪರವಾನಗಿ ಸಾಕು. ಹಳ್ಳಿಯ ಯುವಕ ಯುವತಿಯರಿಗೆ ಇದೊಂದು ದೊಡ್ಡ ಅನುಕೂಲ. ಹಾರಿಸುವ ಮೊದಲು ಯಂತ್ರವನ್ನು ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕೆಂಬುದು ಸಾಮಾನ್ಯ ನಿಯಮ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿಯ ತನಕ ದಂಡವಿದೆ.

ತೂಕವನ್ನೇ ಏಕೆ ಹಿಡಿದರು?

ಕಾಲು ಕಿಲೋ ಎಂಬ ಗೆರೆ ಎಲ್ಲಿಂದ ಬಂತೆಂಬುದು ಕುತೂಹಲದ ಸಂಗತಿ. ೨೦೧೫ರಲ್ಲಿ ಅಮೇರಿಕದ ಸಮಿತಿಯೊಂದು ಒಂದು ಸರಳ ಲೆಕ್ಕ ಮಾಡಿತು. ಹಾರುವ ಯಂತ್ರ ಕೆಟ್ಟು ಕೆಳಗೆ ಬಿದ್ದರೆ ಮನುಷ್ಯನ ತಲೆಗೆ ಎಷ್ಟು ಪೆಟ್ಟಾದೀತು? ಪೆಟ್ಟಿನ ಬಲವನ್ನು ಅಳೆಯಲು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಸೂತ್ರವೇ ಸಾಕು: ತೂಕವನ್ನು ವೇಗದಿಂದ ಗುಣಿಸಿ, ಮತ್ತೊಮ್ಮೆ ವೇಗದಿಂದ ಗುಣಿಸಿ, ಬಂದದ್ದರಲ್ಲಿ ಅರ್ಧ ಮಾಡಬೇಕು. ತೂಕವನ್ನು ಕಿಲೋದಲ್ಲಿಯೂ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿಯೂ ಹಿಡಿದರೆ ಉತ್ತರವು ಜೂಲ್ ಎಂಬ ಮಾನದಲ್ಲಿ ಬರುತ್ತದೆ. ತಲೆಗೆ ೮೦ ಜೂಲಿನಷ್ಟು ಪೆಟ್ಟು ಬಿದ್ದರೆ ಪ್ರಾಣಾಪಾಯದ ಸಂಭವ ಗಣನೀಯವೆಂದು ಅವರು ಹಿಡಿದರು. ೨೫೦ ಗ್ರಾಂ ತೂಕದ ಯಂತ್ರ ಗಾಳಿಯ ತಡೆಯಿಂದಾಗಿ ಸೆಕೆಂಡಿಗೆ ಸುಮಾರು ೨೫ ಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಳದು ಎಂದಿಟ್ಟುಕೊಂಡರೆ ಪೆಟ್ಟು ಸುಮಾರು ೭೮ ಜೂಲ್. ಹೀಗೆ ಕಾಲು ಕಿಲೋ ಎಂಬ ಗೆರೆ ಎಳೆಯಲಾಯಿತು.

ಇದನ್ನು ನಮ್ಮ ತೋಟದ ಲೆಕ್ಕಕ್ಕೆ ತಂದು ನೋಡೋಣ. ಒಂದೂವರೆ ಕಿಲೋ ತೂಕದ, ಸಿಪ್ಪೆ ಸಹಿತವಾದ ತೆಂಗಿನಕಾಯಿ ೧೫ ಮೀಟರ್ ಎತ್ತರದ ಮರದಿಂದ ಬಿದ್ದರೆ ಸುಮಾರು ೨೨೦ ಜೂಲ್ ಪೆಟ್ಟು. ತೆಂಗಿನ ಮರದ ಅಡಿಯಲ್ಲಿ ಮಗುವನ್ನು ಮಲಗಿಸಬಾರದೆಂದು ನಮ್ಮ ಹಿರಿಯರಿಗೆ ಯಾವ ಸಮಿತಿಯೂ ಹೇಳಿಕೊಡಬೇಕಾಗಿರಲಿಲ್ಲ. ಆದ್ದರಿಂದ ನ್ಯಾನೋ ಡ್ರೋನು ಬೀಳುವುದು ತೆಂಗಿನಕಾಯಿ ಬೀಳುವುದಕ್ಕಿಂತ ಬಹಳ ಕಡಿಮೆ ಅಪಾಯದ್ದು; ತುಂಬಿದ ಸಿಂಪರಣೆಯ ಡ್ರೋನು ಬೀಳುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ತೂಕದ ವಿಂಗಡಣೆ ಇಷ್ಟರ ಮಟ್ಟಿಗೆ ನ್ಯಾಯವಾಗಿಯೇ ಇದೆ. ತಕ್ಕಡಿಯಲ್ಲಿಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದು ಎಂಬುದೂ ಅದರ ಒಂದು ದೊಡ್ಡ ಗುಣ.

ತಕ್ಕಡಿಗೆ ಸಿಗದ ಸಂಗತಿಗಳು

ಆದರೆ ತಕ್ಕಡಿಗೆ ಸಿಗದ ಸಂಗತಿಗಳು ಹಲವಿವೆ.

ಮೊದಲನೆಯದು ವೇಗ. ಮೇಲಿನ ಸೂತ್ರದಲ್ಲಿ ತೂಕವನ್ನು ಒಂದೇ ಸಲ ಗುಣಿಸುತ್ತೇವೆ, ವೇಗವನ್ನು ಎರಡು ಸಲ. ಓಟದ ಪಂದ್ಯಕ್ಕೆಂದು ಕಟ್ಟಿದ ೨೪೦ ಗ್ರಾಂ ಯಂತ್ರವೊಂದು ಸೆಕೆಂಡಿಗೆ ೪೦ ಮೀಟರ್ ವೇಗದಲ್ಲಿ ಬಡಿದರೆ ೧೯೨ ಜೂಲ್ ಆಗುತ್ತದೆ. ಆದರೂ ಅದು ನ್ಯಾನೋವೇ. ೨೦೨೧ರ ಮಾರ್ಚಿನ ನಿಯಮದಲ್ಲಿ ಇದಕ್ಕೊಂದು ಕಟ್ಟು ಇತ್ತು. ನ್ಯಾನೋ ಯಂತ್ರ ಸೆಕೆಂಡಿಗೆ ೧೫ ಮೀಟರ್ ವೇಗವನ್ನೋ, ೧೫ ಮೀಟರ್ ಎತ್ತರ ಮತ್ತು ೧೦೦ ಮೀಟರ್ ದೂರದ ಮಿತಿಯನ್ನೋ ಮೀರಬಲ್ಲದಾದರೆ ಅದನ್ನು ಮೇಲಿನ ತರಗತಿಯೆಂದೇ ಎಣಿಸಬೇಕಾಗಿತ್ತು. ಆಗಸ್ಟಿನ ನಿಯಮದಲ್ಲಿ ಆ ಕಟ್ಟನ್ನು ಬಿಡಲಾಯಿತು. ಸರಳತೆ ಹೆಚ್ಚಿತು, ನಿಜ. ಜೊತೆಗೆ ಒಂದು ಕಂಡಿಯೂ ತೆರೆಯಿತು.

ಎರಡನೆಯದು, ಗೆರೆಯ ಪಕ್ಕದಲ್ಲಿಯೇ ಯಂತ್ರ ಕಟ್ಟುವ ಜಾಣತನ. ೨೦೧೯ರಲ್ಲಿ ಚೀನಾದ ಡಿಜೆಐ ಕಂಪೆನಿಯು ಮಾವಿಕ್ ಮಿನಿ ಎಂಬ ಕ್ಯಾಮರಾ ಡ್ರೋನನ್ನು ೨೪೯ ಗ್ರಾಂ ತೂಕಕ್ಕೆ ಸರಿಯಾಗಿ ತಯಾರಿಸಿತು. ಆಗ ಜಪಾನಿನಲ್ಲಿ ಗೆರೆ ೨೦೦ ಗ್ರಾಂ ಇದ್ದುದರಿಂದ ಆ ದೇಶಕ್ಕೆಂದು ಚಿಕ್ಕ ಬ್ಯಾಟರಿ ಹಾಕಿ ೧೯೯ ಗ್ರಾಂ ಮಾಡಿತು. ಜಪಾನ್ ಸರಕಾರವು ೨೦೨೨ರ ಜೂನಿನಲ್ಲಿ ಗೆರೆಯನ್ನು ೧೦೦ ಗ್ರಾಂಗೆ ಇಳಿಸಿತು. ಒಂದು ಗ್ರಾಂ ವ್ಯತ್ಯಾಸದಿಂದ ಯಂತ್ರದ ಕಣ್ಣು ಮಂಜಾಗುವುದಿಲ್ಲ. ಅದರ ಕಾಗದಪತ್ರ ಮಾತ್ರ ಹಗುರವಾಗುತ್ತದೆ.

ಮೂರನೆಯದೇ ಮುಖ್ಯವಾದದ್ದು: ಕಣ್ಣು. ಹಗುರವಾದ ಯಂತ್ರ ತಲೆಗೆ ಹಗುರ, ಆದರೆ ಮರ್ಯಾದೆಗೆ ಹಗುರವಲ್ಲ. ನಮ್ಮ ಮನೆಗಳ ಹಿತ್ತಿಲು, ಬಚ್ಚಲು, ಬಾವಿಕಟ್ಟೆ, ಅಂಗಳಗಳಿಗೆ ಗೋಡೆ ಇರುವುದು ನಾಲ್ಕು ಬದಿಗೆ. ಮೇಲೆ ಆಕಾಶವೇ ಮುಚ್ಚಿಗೆ. ಆ ಮುಚ್ಚಿಗೆಯಲ್ಲಿ ಈಗ ಕಣ್ಣು ಮೂಡಿದೆ. ೨೦೧೭ರ ಆಗಸ್ಟ್ ೨೪ರಂದು ನಮ್ಮ ಸುಪ್ರೀಂ ಕೋರ್ಟು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ೨೦೧೮ರ ಡ್ರೋನ್ ನಿಬಂಧನೆಯು, ಯಾರ ಖಾಸಗಿತನಕ್ಕೂ ಭಂಗ ಬಾರದಂತೆ ನೋಡಿಕೊಳ್ಳುವುದು ಹಾರಿಸುವವನ ಹೊಣೆಯೆಂದು ಬಾಯಿಬಿಟ್ಟು ಹೇಳಿತ್ತು. ಈಗಿನ ಐದು ತರಗತಿಗಳನ್ನು ಮಾತ್ರ ಎಷ್ಟು ಸಲ ಓದಿದರೂ ಅವುಗಳಲ್ಲಿ ಕ್ಯಾಮರಾ ಇದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಇಲ್ಲ. ಕುರುಡು ಯಂತ್ರಕ್ಕೂ ಕಣ್ಣಿನ ಯಂತ್ರಕ್ಕೂ ಒಂದೇ ಮನೆ. ಹೆಂಗಸರ ಖಾಸಗಿ ಸ್ಥಿತಿಯ ಚಿತ್ರ ಕದ್ದು ತೆಗೆಯುವುದು ಕಾನೂನಿನ ಪ್ರಕಾರ ಅಪರಾಧವೇ. ಆದರೆ ತೆಗೆದವನು ಯಾರೆಂದು ಗೊತ್ತಾದರಲ್ಲವೇ ದೂರು ಕೊಡುವುದು?

ನಾಲ್ಕನೆಯದು ಹೊರೆ. ಸ್ಮಾಲ್ ಎಂಬ ತರಗತಿಯನ್ನೇ ನೋಡಿ. ೨ ಕಿಲೋಗಿಂತ ತುಸು ಹೆಚ್ಚಿರುವ, ಹೊಲದ ಚಿತ್ರ ಮಾತ್ರ ತೆಗೆಯುವ ಯಂತ್ರವೂ, ೧೦ ಲೀಟರ್ ಕೀಟನಾಶಕ ಹೊತ್ತು ೨೪ ಕಿಲೋ ತೂಗುವ ಯಂತ್ರವೂ ಒಂದೇ ಬೆಂಚಿನ ವಿದ್ಯಾರ್ಥಿಗಳು. ಒಂದು ನೋಡಿ ಹೋಗುತ್ತದೆ. ಇನ್ನೊಂದು ಸುರಿದು ಹೋಗುತ್ತದೆ. ಕೀಟನಾಶಕ ಸಿಂಪರಣೆಗೆ ಕೇಂದ್ರ ಕೃಷಿ ಸಚಿವಾಲಯವು ೨೦೨೧ರ ಡಿಸೆಂಬರಿನಲ್ಲಿ ಪ್ರತ್ಯೇಕ ಕಾರ್ಯವಿಧಾನವನ್ನು ಹೊರಡಿಸಿದ್ದು ಒಳ್ಳೆಯದಾಯಿತು. ಆದರೆ ಆ ಹೊತ್ತಗೆ ಒಂದು ಇಲಾಖೆಯದು, ತರಗತಿಯ ಪಟ್ಟಿ ಇನ್ನೊಂದು ಇಲಾಖೆಯದು. ಹಳ್ಳಿಯಲ್ಲಿ ಯಂತ್ರ ಬಂದು ಇಳಿಯುವಾಗ ಎರಡನ್ನೂ ಕೂಡಿಸಿ ಓದುವವರು ಯಾರು?

ಕಾಸರಗೋಡಿನವರು ಮರೆಯಲಾಗದ ಪಾಠ

ಹೊರೆಯ ಮಾತನ್ನು ಕಾಸರಗೋಡಿನ ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಇಲ್ಲಿನ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮುಂತಾದ ಊರುಗಳಲ್ಲಿ ತೋಟದ ಬದಿಯಲ್ಲಿಯೇ ಮನೆಗಳು, ಗುಡ್ಡದ ಸುರಂಗಗಳಿಂದ ಬರುವ ಕುಡಿಯುವ ನೀರು. ಆ ಮೇಲಿನ ಕಾಯಿಲೆ, ಅಂಗವಿಕಲತೆಗಳ ಕಥೆ ದೇಶವೇ ಅರಿತದ್ದು. ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ಆ ಮದ್ದನ್ನು ದೇಶಾದ್ಯಂತ ನಿಷೇಧಿಸಿತು; ೨೦೧೭ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡುವಂತೆ ಆಜ್ಞಾಪಿಸಿತು.

ವಿಂಗಡಣೆಯ ದೃಷ್ಟಿಯಿಂದ ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹೆಲಿಕಾಪ್ಟರೆಂಬುದು ವಿಮಾನ ಕಾನೂನಿಗೆ ಪೂರ್ಣವಾಗಿ ಒಳಪಟ್ಟ ಯಂತ್ರ. ಅದರ ತರಗತಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅದು ಬೀಳಲಿಲ್ಲ, ಯಾವ ವಿಮಾನಕ್ಕೂ ಢಿಕ್ಕಿ ಹೊಡೆಯಲಿಲ್ಲ. ಹಾರಾಟದ ನಿಯಮದ ಕಣ್ಣಿಗೆ ಎಲ್ಲವೂ ಕ್ಷೇಮವೇ ಆಗಿತ್ತು. ಕೇಡು ಬಂದದ್ದು ಯಂತ್ರ ಬಿದ್ದುದರಿಂದಲ್ಲ, ಯಂತ್ರದಿಂದ ಬಿದ್ದುದರಿಂದ. ಆಕಾಶದ ನಿಯಮವು ಯಂತ್ರವನ್ನು ಮಾತ್ರ ನೋಡಿ, ಅದು ಹೊತ್ತದ್ದನ್ನೂ ಕೆಳಗಿರುವವರನ್ನೂ ನೋಡದಿದ್ದರೆ ಏನಾದೀತೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇಂದಿನ ಡ್ರೋನು ಅಂದಿನ ಹೆಲಿಕಾಪ್ಟರಿಗಿಂತ ತಗ್ಗಿನಲ್ಲಿ ಹಾರುತ್ತದೆ, ಮಿತವಾಗಿ ಸುರಿಯುತ್ತದೆ, ಕೊಳೆರೋಗದ ಕಾಲದಲ್ಲಿ ಜಾರುವ ಮರವನ್ನು ಹತ್ತಿ ಸಾಯುವ ಅಪಾಯವನ್ನು ತಪ್ಪಿಸಲೂಬಹುದು. ಅದನ್ನು ಬೇಡವೆನ್ನುವುದು ಬುದ್ಧಿವಂತಿಕೆಯಲ್ಲ. ಸರಿಯಾದ ಹೆಸರಿಟ್ಟು ಬರಮಾಡಿಕೊಳ್ಳಬೇಕೆಂಬುದಷ್ಟೇ ನನ್ನ ವಾದ.

ಬೇರೆ ದೇಶಗಳು ಮಾಡಿದ್ದೇನು?

ಐರೋಪ್ಯ ಒಕ್ಕೂಟದ ದೇಶಗಳಲ್ಲಿ ೨೦೨೦ರ ಡಿಸೆಂಬರ್ ೩೧ರಿಂದ ಒಂದೇ ನಿಯಮವಿದೆ. ಅಲ್ಲಿಯೂ ೨೫೦ ಗ್ರಾಂ, ೯೦೦ ಗ್ರಾಂ, ೪ ಕಿಲೋ, ೨೫ ಕಿಲೋ ಎಂಬ ತೂಕದ ಮೆಟ್ಟಿಲುಗಳಿವೆ. ಆದರೆ ಅದರೊಡನೆ, ಜನರ ಮೇಲೆ ಹಾರುತ್ತದೆಯೇ, ಜನರ ಹತ್ತಿರ ಹಾರುತ್ತದೆಯೇ, ಜನರಿಂದ ದೂರ ಹಾರುತ್ತದೆಯೇ ಎಂಬುದನ್ನೂ ಕೇಳುತ್ತಾರೆ. ಇನ್ನೂ ಮುಖ್ಯವಾದ ಮಾತೆಂದರೆ, ೨೫೦ ಗ್ರಾಂಗಿಂತ ಕಡಿಮೆ ತೂಕದ್ದಾದರೂ ಅದರಲ್ಲಿ ಜನರ ವಿವರ ಹಿಡಿಯಬಲ್ಲ ಕ್ಯಾಮರಾ ಇದ್ದರೆ, ಅದು ಮಕ್ಕಳ ಆಟಿಕೆಯಲ್ಲದಿದ್ದರೆ, ಹಾರಿಸುವವನು ಹೆಸರು ನೋಂದಾಯಿಸಲೇಬೇಕು. ಅಂದರೆ ತೂಕಕ್ಕೊಂದು ಲೆಕ್ಕ, ಕಣ್ಣಿಗೆ ಇನ್ನೊಂದು ಲೆಕ್ಕ. ಬ್ರಿಟನ್ನಿನಲ್ಲಿಯೂ ೨೦೨೬ರ ಜನವರಿ ೧ರಿಂದ ೧೦೦ ಗ್ರಾಂ ತೂಗುವ ಕ್ಯಾಮರಾ ಡ್ರೋನಿಗೂ ಒಡೆಯನ ನೋಂದಣಿ ಬೇಕು.

ಚೀನಾ ದೇಶವು ೨೦೨೪ರ ಜನವರಿ ೧ರಿಂದ ಜಾರಿಗೆ ತಂದ ನಿಯಮದಲ್ಲಿ ಕೃಷಿ ಡ್ರೋನಿಗೆ ಬೇರೆಯೇ ವ್ಯಾಖ್ಯೆ ಕೊಟ್ಟಿದೆ. ತೂಕ ೧೫೦ ಕಿಲೋ ಮೀರಬಾರದು, ಎತ್ತರ ೩೦ ಮೀಟರ್ ಮೀರಬಾರದು, ವೇಗ ಗಂಟೆಗೆ ೫೦ ಕಿಲೋಮೀಟರ್ ಮೀರಬಾರದು, ಹಾರಿಸುವವನಿಂದ ೨ ಕಿಲೋಮೀಟರಿಗಿಂತ ದೂರ ಹೋಗಬಾರದು. ಈ ಕಟ್ಟುಗಳೊಳಗೆ ನಿಂತ ಯಂತ್ರಕ್ಕೆ ಕೃಷಿಗೆ ತಕ್ಕ ತರಬೇತಿ, ಕೃಷಿಗೆ ತಕ್ಕ ನಿಯಮ. ಹೊಲದ ಮೇಲೆ ತಗ್ಗಿನಲ್ಲಿ ಸಾಗುವ ಯಂತ್ರವನ್ನು ಮೋಡದ ಎತ್ತರದ ಯಂತ್ರದ ಸಾಲಿನಲ್ಲಿ ನಿಲ್ಲಿಸದೆ, ಅದರ ಕೆಲಸ ನೋಡಿ ಅದಕ್ಕೊಂದು ಸ್ಥಾನ ಕೊಟ್ಟಿದ್ದಾರೆ.

ನಮ್ಮಲ್ಲಿ ಹೇಗಿರಬೇಕು?

ಈ ಪ್ರಶ್ನೆ ಈಗ ಕಾಲೋಚಿತವೂ ಹೌದು. ೨೦೨೫ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ನಾಗರಿಕ ಡ್ರೋನುಗಳ ಬಗ್ಗೆ ಪ್ರತ್ಯೇಕ ಮಸೂದೆಯೊಂದರ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ನಾಲ್ಕು ಸಲ ಬದಲಾದ ನಿಯಮ ಮುಂದೆಯೂ ಬದಲಾಗದೆ ಇರದು. ಬದಲಾಗುವಾಗ ಈ ಕೆಳಗಿನ ಮಾತುಗಳು ಸೇರಬೇಕೆಂದು ಒಬ್ಬ ರೈತನಾಗಿ ನನಗೆ ತೋರುತ್ತದೆ.

೧. ತೂಕದ ಐದು ತರಗತಿಗಳು ಹಾಗೆಯೇ ಇರಲಿ; ನ್ಯಾನೋ ತರಗತಿಗೆ ವೇಗದ ಮಿತಿಯೊಂದನ್ನು ಮತ್ತೆ ಸೇರಿಸಲಿ.

೨. ಕ್ಯಾಮರಾ ಇರುವ ಯಂತ್ರ, ಇಲ್ಲದ ಯಂತ್ರ ಎಂಬ ಎರಡನೆಯ ವಿಂಗಡಣೆ ಬರಲಿ. ಕ್ಯಾಮರಾದ ಯಂತ್ರಕ್ಕೆ ಪರೀಕ್ಷೆ, ತರಬೇತಿಗಳ ಹೊರೆ ಬೇಡ. ಒಡೆಯನ ಗುರುತಿನ ಸಂಖ್ಯೆ ಯಂತ್ರದ ಮೈಮೇಲೆ ಕಾಣುವಂತಿರಲಿ. ಬೇರೆಯವರ ಹಿತ್ತಿಲ ಚಿತ್ರ ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದೆಂಬ ಒಂದು ವಾಕ್ಯ ನಿಯಮದಲ್ಲಿಯೇ ಇರಲಿ.

೩. ಸುರಿಯುವ ಯಂತ್ರ ಬೇರೆ, ನೋಡುವ ಯಂತ್ರ ಬೇರೆ ಎಂದಾಗಲಿ. ಸಿಂಪರಣೆಯ ಡ್ರೋನಿಗೆ ಎತ್ತರ, ಬಾವಿ ಕೆರೆಗಳಿಂದ ದೂರ, ನೆರೆಯವರಿಗೆ ಮುನ್ಸೂಚನೆ, ಇವು ತರಗತಿಯ ಅಂಗವೇ ಆಗಲಿ.

೪. ಸ್ವಂತ ಬಳಕೆ ಮತ್ತು ವ್ಯಾಪಾರ ಎಂಬುದರ ಅರ್ಥ ಸ್ಪಷ್ಟವಾಗಲಿ. ರೈತನು ತನ್ನ ಡ್ರೋನಿನಿಂದ ತನ್ನದೇ ತೋಟದ ಚಿತ್ರ ತೆಗೆದು, ಆ ತೋಟದ ಅಡಿಕೆಯನ್ನು ಮಾರಿದರೆ ಅದು ವ್ಯಾಪಾರವೇ? ಇದಕ್ಕೆ ರೈತನಿಗೆ ಅರ್ಥವಾಗುವ ಒಂದು ಸಾಲಿನ ಉತ್ತರ ಬೇಕು.

ಇವುಗಳಿ೦ದ ಹಗುರ ಯಂತ್ರದ ದಾರಿಯೇನೂ ಮುಚ್ಚದು. ೨೦೨೦ರ ಏಪ್ರಿಲ್ ೨೪ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯು ಡ್ರೋನಿನಿಂದ ಚಿತ್ರ ತೆಗೆದು ಹಳ್ಳಿಯ ಮನೆ ನಿವೇಶನಗಳ ಗಡಿ ಗುರುತಿಸುತ್ತಿದೆ. ಕರ್ನಾಟಕವೂ ಮಹಾರಾಷ್ಟ್ರವೂ ಮೊದಲ ಹಂತದಲ್ಲಿಯೇ ಸೇರಿದವು. ೨೦೨೩ರಲ್ಲಿ ಒಪ್ಪಿಗೆ ಪಡೆದ ಡ್ರೋನ್ ದೀದಿ ಯೋಜನೆಯು ೧೫,೦೦೦ ಮಹಿಳಾ ಸ್ವಸಹಾಯ ಗುಂಪುಗಳಿಗೆ ಯಂತ್ರ ಒದಗಿಸುವ ಗುರಿಯಿಟ್ಟುಕೊಂಡಿತು. ಒಂದರ ಕಣ್ಣು ಬಡವನ ಮನೆಗೆ ದಾಖಲೆ ಕೊಡುತ್ತದೆ. ಇನ್ನೊಂದರ ಹೊರೆ ಹೆಣ್ಣುಮಕ್ಕಳಿಗೆ ಸಂಪಾದನೆ ಕೊಡುತ್ತದೆ. ಕಣ್ಣಿಗೂ ಹೊರೆಗೂ ತಕ್ಕ ನಿಯಮವಿದ್ದರೆ ಜನರ ನಂಬಿಕೆ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

ರೈತ ಬಾಂಧವರು ಈಗಲೇ ಮಾಡಬೇಕಾದದ್ದು

ನಿಯಮ ತಿದ್ದುವವರೆಗೆ ಕಾಯದೆ ನಾವು ಮಾಡಬಹುದಾದದ್ದೂ ಇದೆ. ಬಾಡಿಗೆಯ ಡ್ರೋನು ನಿಮ್ಮ ತೋಟಕ್ಕೆ ಬಂದಾಗ ನಾಚಿಕೆಪಡದೆ ಈ ಪ್ರಶ್ನೆಗಳನ್ನು ಕೇಳಿರಿ. ತುಂಬಿದಾಗ ಇದರ ತೂಕವೆಷ್ಟು, ಯಾವ ತರಗತಿ? ಗುರುತಿನ ಸಂಖ್ಯೆ ಏನು? ಚಾಲಕನಲ್ಲಿ ಪ್ರಮಾಣಪತ್ರವಿದೆಯೇ? ನೆರೆಯವನ ಸೊತ್ತಿಗೆ ನಷ್ಟವಾದರೆ ವಿಮೆ ಇದೆಯೇ? ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಸಿಂಪರಣೆಯಾದರೆ ಮದ್ದಿನ ಹೆಸರು ಕೇಳಿ, ಹಿಂದಿನ ದಿನವೇ ನೆರೆಮನೆಗೆ ತಿಳಿಸಿ, ಬಾವಿಗೆ ಮುಚ್ಚಳ ಹಾಕಿ, ದನಗಳನ್ನು ಕಟ್ಟಿ, ಜೇನುಪೆಟ್ಟಿಗೆಗಳನ್ನು ದೂರವಿರಿಸಿರಿ. ಚಿತ್ರವಾದರೆ, ಅದು ಯಾರ ಬಳಿ ಉಳಿಯುತ್ತದೆಂದು ಕೇಳಿರಿ.

ಹಾರಿಸುವ ಜಾಗದ ವಿಷಯದಲ್ಲಿ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡಿ ೨೦೨೧ರ ಸೆಪ್ಟೆಂಬರಿನಲ್ಲಿ ನಕ್ಷೆ ಪ್ರಕಟಿಸಿದ್ದಾರೆ. ಹಸಿರಿನಲ್ಲಿ ೪೦೦ ಅಡಿ ಎತ್ತರದ ತನಕ ಅನುಮತಿ ಬೇಡ. ವಿಮಾನ ನಿಲ್ದಾಣದ ಸರಹದ್ದಿನಿಂದ ೮ರಿಂದ ೧೨ ಕಿಲೋಮೀಟರ್ ದೂರದಲ್ಲಿ ೨೦೦ ಅಡಿಯ ತನಕ ಮಾತ್ರ. ೫ರಿಂದ ೮ ಕಿಲೋಮೀಟರಿನೊಳಗೆ ನೆಲದಿಂದಲೇ ಹಳದಿ. ಅಲ್ಲಿ ವಿಮಾನ ನಿಯಂತ್ರಣ ಕಚೇರಿಯ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ಮಂಗಳೂರು ಮತ್ತು ಕಣ್ಣೂರು ನಿಲ್ದಾಣಗಳು ಕಾಸರಗೋಡಿನ ಕನ್ನಡ ಗ್ರಾಮಗಳಿಗೆ ಈ ೧೨ ಕಿಲೋಮೀಟರಿಗಿಂತ ದೂರವಿದ್ದರೂ ನಕ್ಷೆ ಆಗಾಗ ಬದಲಾಗುವುದರಿಂದ ಹಾರಿಸುವ ಮೊದಲು ನೋಡಲೇಬೇಕು. ಸ್ವಂತಕ್ಕೆ ಕೊಳ್ಳುವವರು ಇನ್ನೊಂದು ಮಾತು ತಿಳಿದಿರಲಿ: ೨೦೨೨ರ ಫೆಬ್ರವರಿ ೯ರಿಂದ ವಿದೇಶಗಳಲ್ಲಿ ತಯಾರಾದ ಡ್ರೋನುಗಳನ್ನು ತರಿಸುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ.

ವಿಮಾನಯಾನವು ಸಂವಿಧಾನದ ಪ್ರಕಾರ ಕೇಂದ್ರದ ವಿಷಯ. ತಲಪಾಡಿಯ ಆಚೆಗೂ ಈಚೆಗೂ ಕಾಲು ಕಿಲೋ ಕಾಲು ಕಿಲೋವೇ. ನಿಯಮದ ಪ್ರಕಟಣೆ ಹಿಂದಿ, ಇಂಗ್ಲಿಷುಗಳಲ್ಲಿ ಬರುತ್ತದೆ. ಕಚೇರಿಯ ಮಾತು ನಮ್ಮಲ್ಲಿ ಮಲೆಯಾಳ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು. ಆದಕಾರಣ ಮೇಲಿನ ಐದು ತರಗತಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಶಾಲೆಯ ಗೋಡೆಗೆ, ಸಹಕಾರಿ ಸಂಘದ ಫಲಕಕ್ಕೆ ಅಂಟಿಸುವ ಕೆಲಸವನ್ನು ಪ್ರತಿ ಊರಿನ ಓದುಬರಹ ಬಲ್ಲವರೊಬ್ಬರು ವಹಿಸಿಕೊಳ್ಳಲಿ. ಮುಂದೆ ಸರಕಾರ ಅಭಿಪ್ರಾಯ ಕೇಳಿದಾಗ ತೂಕದ ಜೊತೆಗೆ ಕಣ್ಣು, ಹೊರೆಗಳನ್ನೂ ಎಣಿಸಿರೆಂದು ನಾಲ್ಕು ಸಾಲು ಬರೆದು ಕಳುಹಿಸಲಿ. ಒಂದು ಅಂಚೆಚೀಟಿಯ ಖರ್ಚಿನಲ್ಲಿ ಆಗುವ ಕೆಲಸವಿದು.